ಸಂಗ್ರಹ ಚಿತ್ರ

ಹಸಿರು ಬಾಣವೊಂದು ಮೂತಿ ಮೇಲೆ ಮಾಡಿಕೊಂಡು ಟೀವಿಯ ಕೆಳಗಂಚಿನಲ್ಲಿ ಓಡಿಹೋಯಿತು, ಅದರ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು, ನಡುವೆ ಎಲ್ಲೋ ಒಂದೇ ಒಂದು ಕೆಂಪು — ದನಿ ಅಡಗಿಸಿದ ಟೀವಿಯಲ್ಲಿ ಕೋಟು ಹಾಕಿದವನು ಕೈ ಬೀಸಿ ಬೀಸಿ ಏನೋ ಹೇಳುತ್ತಿದ್ದಾನೆ, ಹಲ್ಲು ಕಿರಿಯುತ್ತಿದ್ದಾನೆ, ಷೇರುಪೇಟೆಗೆ ಇವತ್ತು ಎಲ್ಲಿಲ್ಲದ ಖುಷಿ, ಯಾಕೆಂದರೆ ಯಾವುದೋ ದೊಡ್ಡ ಕಂಪನಿ ನಾಲ್ಕು ಸಾವಿರ ಜನರನ್ನು ಮನೆಗೆ ಕಳಿಸಿದೆಯಂತೆ, ಖರ್ಚು ಇಳಿಯಿತು, ಷೇರು ಏರಿತು, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅನ್ನುವ ಗಾದೆ ಗೊತ್ತಿತ್ತು, ಬರೆ ಬಿದ್ದ ಎಮ್ಮೆಯನ್ನು ನೋಡಿ ಸಂತೆಗೆ ಸಂತೆಯೇ ಚಪ್ಪಾಳೆ ತಟ್ಟುವುದು ಗೊತ್ತಿರಲಿಲ್ಲ, ಅದನ್ನು ಕಲಿಯಲಿಕ್ಕೆ ಪತ್ರಿಕೋದ್ಯಮ ಓದಬೇಕಾಯಿತು. ಗಂಟೆ ಹನ್ನೊಂದೂಕಾಲು. ನಮ್ಮದು ಸಂಜೆ ಪತ್ರಿಕೆ, ನಮ್ಮದು ಅನ್ನಲು ನಾನು ಯಾರು, ಕಾಲೇಜಿನಿಂದ ತರಬೇತಿಗೆ ಬಂದವಳು, ಆದರೂ ನಮ್ಮದು, ಹನ್ನೆರಡಕ್ಕೆ ಮೊದಲ ಪುಟ ಅಚ್ಚಿಗೆ ಹೋಗಲೇಬೇಕು, ಪುಟದ ನಡುವೆ ಐದು ಕಾಲಂ ಅಗಲದ ಬಿಳಿ ಚೌಕ ನನ್ನನ್ನೇ ನೋಡುತ್ತಿದೆ — ನಿರುದ್ಯೋಗದ ತಿಂಗಳ ಅಂಕಿ ಬಂದಿದೆ, ಕಳೆದ ತಿಂಗಳಿಗಿಂತ ಅರ್ಧ ಪರ್ಸೆಂಟ್ ಹೆಚ್ಚು, ಅರ್ಧ ಪರ್ಸೆಂಟ್ ಅಂದರೆ ಎಷ್ಟು ಮನೆ, ಎಷ್ಟು ಡಬ್ಬಿ ಊಟ, ಯಾರೂ ಕೇಳುವುದಿಲ್ಲ, ಮುಖ್ಯ ಉಪಸಂಪಾದಕರು ಕೂತಲ್ಲಿಂದಲೇ ಕೂಗಿದರು, ಆ ಕ್ಯೂ ಫೋಟೋ ಇದೆಯಲ್ಲಮ್ಮಾ, ಅದೇ, ಮುಖ ತಿರುಗಿಸಿದವನದ್ದು, ಹಾಕು, ಕೆಳಗೆ ಸಂಗ್ರಹ ಚಿತ್ರ ಅಂತ ಬರಿ, ಮುಗೀತು. ಎಂಥ ಸುದ್ದಿಯನ್ನೂ ಎರಡು ಸಾಲಿಗೆ ಇಳಿಸುವ ಅವರಿಗೆ ಬೆನ್ನ ಹಿಂದೆ ಕತ್ತರಿ ಸಾರ್ ಅಂತ ಹೆಸರು. ಸರಿ ಸಾರ್ ಅಂದೆ, ಬಾಯಿ ಅಂದಿತು, ಕೈ ಆಡಲಿಲ್ಲ. ಮುಖ ತಿರುಗಿಸಿದವನು. ಉದ್ಯೋಗ ಕಚೇರಿಯ ಹೊರಗೆ ಉದ್ದನೆಯ ಕ್ಯೂ, ಮೂರನೆಯವನದು ನೀಲಿ ಅಂಗಿ, ಎಡಗೈಯಲ್ಲಿ ಊಟದ ಡಬ್ಬಿ, ಕತ್ತು ಗೋಡೆಯ ಕಡೆ ಹೊರಳಿದೆ, ಒಂದು ಕಿವಿ ಕಾಣುತ್ತದೆ, ಕೆನ್ನೆಯ ಅಂಚು ಕಾಣುತ್ತದೆ — ಎರಡು ಸಲ ಅಚ್ಚಾಗಿದೆ, ಇವತ್ತು ಹಾಕಿದರೆ ಮೂರು, ಆ ಫೋಟೋ ತೆಗೆದದ್ದು ನಾನು ಎಂದು ಈ ಕೋಣೆಯಲ್ಲಿ ಎಲ್ಲರಿಗೂ ಗೊತ್ತು, ಅವನು ನನ್ನ ಅಪ್ಪ ಎಂದು ಯಾರಿಗೂ ಗೊತ್ತಿಲ್ಲ.

ತೆಗೆದಾಗ ನನಗೂ ಗೊತ್ತಿರಲಿಲ್ಲ, ಆಣೆ ಮಾಡಿ ಹೇಳುತ್ತೇನೆ, ಯಾರ ಮುಂದೆ ಆಣೆ, ಕೇಳುವವರು ಯಾರು. ಅವತ್ತು ಬೆಳಿಗ್ಗೆ ಮೇಷ್ಟ್ರು ಕ್ಲಾಸಿನಲ್ಲಿ ಹೇಳಿದ್ದರು, ಅಂಕಿ ಅಂಶ ಯಾರಿಗೂ ನೆನಪಿರಲ್ಲ, ಸುದ್ದಿಗೆ ಒಂದು ಮುಖ ಬೇಕು, ಮಧ್ಯಾಹ್ನದೊಳಗೆ ಹೋಗಿ ಮುಖ ಹುಡುಕ್ಕೊಂಡು ಬನ್ನಿ, ನಲವತ್ತು ಜನ ಕ್ಯಾಮೆರಾ ಹಿಡಿದು ಮುಖ ಹುಡುಕಲು ಹೊರಟೆವು, ತರಕಾರಿ ಆರಿಸಲು ಹೊರಟ ಹಾಗೆ, ನಾನು ಉದ್ಯೋಗ ಕಚೇರಿಯ ಎದುರಿನ ಫುಟ್‌ಪಾತಿನಲ್ಲಿ ನಿಂತು, ಬಸ್ಸು ಅಡ್ಡ ಬಂದಾಗ ಬೈದುಕೊಂಡು, ಬಿಸಿಲಿಗೆ ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಏನೂ ಕಾಣದೆ, ಅಂದಾಜಿನ ಮೇಲೆ ಒಂಬತ್ತು ಸಲ ಒತ್ತಿದೆ, ಮೇಷ್ಟ್ರ ಕಂಪ್ಯೂಟರಿನಲ್ಲಿ ಒಂಬತ್ತೂ ಅಂಚೆಚೀಟಿಯಷ್ಟಷ್ಟೇ ಕಂಡವು, ಅವರು ಏಳನೆಯದರ ಮೇಲೆ ಬೆರಳಿಟ್ಟರು, ಇದು ನೋಡಮ್ಮ ಇದು, ಮುಖ ತೋರಿಸದೇನೇ ಮುಖ, ದೇಶದ ಇಡೀ ಅರ್ಥವ್ಯವಸ್ಥೆ ಈ ಒಂದು ಕತ್ತಿನಲ್ಲಿದೆ. ಹಿಗ್ಗಿ ಹೀರೇಕಾಯಿಯಾದೆ. ಯಾರ ಕತ್ತು ಎಂದು ನೋಡಲಿಲ್ಲ. ಮೇಷ್ಟ್ರೇ ಅದನ್ನು ಈ ಪತ್ರಿಕೆಗೆ ಕಳಿಸಿದರು, ಮರುದಿನ ಐದು ಕಾಲಂ ಅಗಲಕ್ಕೆ ಅಚ್ಚಾದಾಗ ಮೊದಲು ಡಬ್ಬಿ ಕಂಡಿತು, ಮುಚ್ಚಳದ ಕೊಂಡಿ ಮುರಿದದ್ದಕ್ಕೆ ಅಮ್ಮ ಕಟ್ಟಿದ ಕೆಂಪು ದಾರ ಕಂಡಿತು, ಆಮೇಲೆ ಕಿವಿ, ಆಮೇಲೆ ಅಂಗಿ, ಕೊನೆಗೆ ಅಪ್ಪ. ಹದಿನೆಂಟು ವರ್ಷ ಬಲ್ಬ್ ಕಾರ್ಖಾನೆಯಲ್ಲಿ ಕೆಲಸ, ಒಂದೊಂದು ಬಲ್ಬನ್ನೂ ಉರಿಸಿ ನೋಡಿ ಸರಿ ಇದೆ ಅನ್ನುವ ಕೆಲಸ, ಮನೆಯಲ್ಲೂ ದೀಪ ಹಾಕಿದ ತಕ್ಷಣ ಕತ್ತೆತ್ತಿ ನೋಡಿ ತಲೆಯಾಡಿಸುತ್ತಿದ್ದ, ಪಾಸಾ ಫೇಲಾ ಅಪ್ಪ ಅಂತ ರೇಗಿಸುತ್ತಿದ್ದೆ — ಆ ಕೆಲಸ ಹೋಗಿ ಆಗಲೇ ಎರಡು ತಿಂಗಳಾಗಿತ್ತಂತೆ, ಕಾರ್ಖಾನೆಯ ಗೇಟಿನಲ್ಲಿ ವಿಚಾರಿಸಿದಾಗ ತಿಳಿಯಿತು, ಅಪ್ಪ ನಮಗೆ ಹೇಳಿರಲಿಲ್ಲ, ಏಳೂವರೆಗೆ ಡಬ್ಬಿ ಹಿಡಿದು ಹೊರಡುವುದು, ಸಂಜೆ ಆರೂವರೆಗೆ ಸುಸ್ತಾಗಿ ಬರುವುದು, ಎಲ್ಲ ಹಾಗೇ ಇತ್ತು, ಊರ ಸುದ್ದಿ ಹುಡುಕಲು ಹೊರಟವಳಿಗೆ ಮನೆಯ ಸುದ್ದಿ ಪೇಪರ್ ನೋಡಿ ಗೊತ್ತಾಯಿತು, ದೀಪದ ಬುಡದಲ್ಲಿ ಕತ್ತಲೆ ಅಂದರೆ ಇದೇ. ದಿನಾ ಬಸ್‌ಸ್ಟಾಪಿನಲ್ಲಿ ಸಂಜೆ ಪೇಪರ್ ಕೊಂಡು ತರುವ ಅಪ್ಪ ಅವತ್ತು ಬರಿಗೈಲಿ ಬಂದ, ಖಾಲಿಯಾಗೋಗಿತ್ತು ಕಣಮ್ಮ ಅಂದ. ಅಮ್ಮ ನೋಡಿದ್ದು ವಾರದ ಮೇಲೆ, ಅಂಗಡಿಯವನು ಸಾಮಾನು ಸುತ್ತಿಕೊಟ್ಟ ಕಾಗದದಲ್ಲಿ, ಸುಕ್ಕು ಬಿಡಿಸಿ ಬಹಳ ಹೊತ್ತು ಹಿಡಿದುಕೊಂಡಿದ್ದಳು, ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ, ಆಮೇಲೆ ಅದನ್ನು ಅಡುಗೆಮನೆಯ ಶೆಲ್ಫಿಗೆ ಹಾಸಿದಳು, ಚಿತ್ರ ಕೆಳಗೆ ಮಾಡಿ, ಅದರ ಮೇಲೆ ಡಬ್ಬಗಳನ್ನು ಜೋಡಿಸಿದಳು. ಮರುದಿನ ಏಳೂವರೆಗೆ ಊಟ ಕಟ್ಟಿಕೊಟ್ಟಳು, ಹುಷಾರು ಕಣ್ರೀ ಅಂದಳು, ಅಪ್ಪ ಹೂಂ ಅಂದ, ಹೊರಟ. ಮೂವರಿಗೂ ಗೊತ್ತು, ಮೂವರೂ ಮಾತಾಡುವುದಿಲ್ಲ, ಎಂಟು ತಿಂಗಳಾಯಿತು, ಇವತ್ತೂ ಹೊರಟುಹೋಗಿದ್ದಾನೆ.

ಎರಡನೇ ಸಲ ಅಚ್ಚಾದ ಮೇಲೆ ಅಪ್ಪ ಕಟಿಂಗ್ ಶಾಪಿಗೆ ಹೋಗುವುದು ಬಿಟ್ಟ, ಅಲ್ಲಿ ಎಲ್ಲರ ಕೈಯಲ್ಲೂ ಪೇಪರ್ ಇರುತ್ತದೆ, ಅಮ್ಮನೇ ಬಚ್ಚಲ ಬಾಗಿಲಲ್ಲಿ ಸ್ಟೂಲ್ ಹಾಕಿ ಕೂರಿಸಿ ಕೂದಲು ಕತ್ತರಿಸುತ್ತಾಳೆ, ನೀಲಿ ಅಂಗಿ ಟ್ರಂಕಿನ ತಳ ಸೇರಿತು, ಮೂರನೇ ಸಲ ಅಚ್ಚಾದರೆ ಇನ್ನೇನು ಬಿಡುತ್ತಾನೋ, ಮನೆಯಿಂದ ಹೊರಡುವುದನ್ನೇ ಬಿಟ್ಟು ಗೋಡೆ ನೋಡುತ್ತಾ ಕೂತರೆ — ಸಾರ್, ಈ ಫೋಟೋ ಎರಡು ಸಲ ಬಂದಿದೆ, ಬೇರೆ ಹಾಕೋಣ್ವಾ, ಅಂದೆ. ಕತ್ತರಿ ಸಾರ್ ಕನ್ನಡಕದ ಮೇಲಿಂದ ನೋಡಿದರು, ನಿನ್ನ ಫೋಟೋನೇ ಅಲ್ವೇನಮ್ಮ, ಅದನ್ನ ನೋಡೇ ಅಲ್ವಾ ನಿನ್ನ ಇಲ್ಲಿಗೆ ತಗೊಂಡಿದ್ದು, ಓದೋರಿಗೆ ಮುಖ ಎಲ್ಲಿ ನೆನಪಿರುತ್ತೆ, ಕ್ಯೂ ನೆನಪಿರುತ್ತೆ ಅಷ್ಟೇ, ಹೊಸದು ತೆಗೆಸೋಣ ಅಂದ್ರೆ ಫೋಟೋಗ್ರಾಫರ್ ಎಲ್ಲಿದ್ದಾನೆ ಹೇಳು. ನಿಜವೇ, ಫೋಟೋಗ್ರಾಫರನ್ನು ಹೋದ ತಿಂಗಳು ತೆಗೆದರು, ಅದಕ್ಕೂ ಮುಂಚೆ ಕರಡು ತಿದ್ದುವ ಇಬ್ಬರನ್ನು, ಅವರ ಕುರ್ಚಿಗಳ ಮೇಲೆ ಈಗ ಹಳೇ ಪೇಪರಿನ ಕಟ್ಟುಗಳು ಕೂತಿವೆ, ಆ ಸುದ್ದಿ ನಮ್ಮಲ್ಲಿ ಒಂದು ಸಾಲೂ ಬರಲಿಲ್ಲ, ಕೆಲಸ ಹೋದವರ ಸುದ್ದಿಯನ್ನು ಕೆಲಸ ಹೋಗುತ್ತದೆಂದು ಹೆದರಿದವರು ಬರೆಯುತ್ತೇವೆ, ಅದರ ಕೆಳಗೆ ಅರ್ಧ ಪುಟ ಕಾರಿನ ಜಾಹೀರಾತು, ಆ ಕಾರು ಯಾರಿಗೆ, ಕ್ಯೂನಲ್ಲಿ ನಿಂತವರಿಗಾ. ಸತ್ಯಕ್ಕೆ ಸಾವಿಲ್ಲ ಅಂತ ಮೇಷ್ಟ್ರು ಮೊದಲ ದಿನ ಹೇಳಿದಾಗ ಹಿಂದಿನ ಬೆಂಚಿನಿಂದ ಯಾರೋ, ಸಂಬಳವೂ ಇಲ್ಲ ಸಾರ್, ಅಂದಿದ್ದಕ್ಕೆ ನಲವತ್ತು ಜನವೂ ನಕ್ಕಿದ್ದೆವು, ಮೇಷ್ಟ್ರೂ ನಕ್ಕಿದ್ದರು. ಹೇಳಿಬಿಡಲೇ, ಸಾರ್ ಅವನು ನನ್ನ ಅಪ್ಪ — ಹೇಳಿದರೆ ಏನಾಗುತ್ತದೆಂದು ಗೊತ್ತು, ಅಯ್ಯೋ ಪಾಪ ಅನ್ನುತ್ತಾರೆ, ಆಮೇಲೆ ಕಣ್ಣು ಹೊಳೆಯುತ್ತದೆ, ಅದನ್ನೇ ಬರಿಯಮ್ಮ, ಗೊತ್ತಿಲ್ಲದೇ ಮಗಳು ತೆಗೆದ ಅಪ್ಪನ ಚಿತ್ರ, ಮೊದಲ ಪುಟ ಕೊಡ್ತೀನಿ, ಹೆಸರೂ ಹಾಕ್ತೀನಿ. ಕೆಟ್ಟವರಲ್ಲ ಅವರು, ನನಗೆ ಜ್ವರ ಬಂದಾಗ ಆಟೋ ಹತ್ತಿಸಿ ಕಳಿಸಿದವರು, ಕೆಲಸ ಅವರನ್ನು ಹಾಗೆ ಮಾಡಿದೆ, ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ, ನನಗೆ ಹೆದರಿಕೆ ಅದರದ್ದೇ. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಒಂದೇ ಒಂದು ಸಮಾಧಾನ, ವಿದ್ಯಾರ್ಥಿಗಳು ತೆಗೆದ ಚಿತ್ರಕ್ಕೆ ಇಲ್ಲಿ ಹೆಸರು ಹಾಕುವುದಿಲ್ಲ, ತೆಗೆದವರು ಯಾರೆಂದು ಅಪ್ಪನಿಗೆ ಗೊತ್ತಿಲ್ಲ, ಯಾರೋ ಕಂಡವರ ಮಗ ತೆಗೆದ ಎಂದುಕೊಂಡು ಅವನಿಗೆ ಹಿಡಿಶಾಪ ಹಾಕಿಕೊಂಡಿರಲಿ, ನನಗಲ್ಲ, ಎಂಟು ತಿಂಗಳಿಂದ ಇದೊಂದನ್ನೇ ನೆನೆದುಕೊಂಡು ನಿದ್ದೆ ಮಾಡಿದ್ದೇನೆ. ಅಷ್ಟು ಬೇಡ ಅನ್ಸಿದ್ರೆ ಅವತ್ತೇ ತೆಗೆದಿದ್ದು ಬೇರೆ ಇರುತ್ತಲ್ಲ, ನೋಡು, ಹತ್ತು ನಿಮಿಷ ಟೈಮು, ಅಂದರು ಕತ್ತರಿ ಸಾರ್.

ಒಂಬತ್ತೂ ಸಂಗ್ರಹದಲ್ಲಿವೆ, ತೆಗೆದದ್ದೆಲ್ಲವನ್ನೂ ಒಪ್ಪಿಸಬೇಕು ಎಂಬುದು ಇಲ್ಲಿಯ ನಿಯಮ, ಒಪ್ಪಿಸಿದವಳು ಮತ್ತೆ ಆ ಕಡೆ ತಲೆ ಹಾಕಿರಲಿಲ್ಲ, ಒಂದೇ ಸಾಕುಬೇಕಾಗಿತ್ತು. ಮೊದಲನೆಯದರಲ್ಲಿ ಬರೀ ಬಸ್ಸು, ಎರಡನೆಯದರಲ್ಲಿ ಬಸ್ಸಿನ ಹಿಂಭಾಗ ಮತ್ತು ಅರ್ಧ ಕ್ಯೂ, ಮೂರನೆಯದರಲ್ಲಿ ಹೊಗೆ, ಇದನ್ನು ಹಾಕಬಹುದಾ, ಯಾರ ಮುಖವೂ ಇಲ್ಲ, ಆದರೆ ಮಸುಕು, ಕತ್ತರಿ ಸಾರ್ ಒಪ್ಪುವುದಿಲ್ಲ, ನಾಲ್ಕನೆಯದರಲ್ಲಿ ಅಪ್ಪ ನೆಲ ನೋಡುತ್ತಿದ್ದಾನೆ, ಐದರಲ್ಲೂ ನೆಲ, ಮುಂದಿನವನ ಚಪ್ಪಲಿ ನೋಡುತ್ತಿರಬೇಕು, ಆರನೆಯದನ್ನು ಒತ್ತಿದೆ, ಪರದೆಯ ತುಂಬ ಬಂತು. ಅಪ್ಪ ನನ್ನನ್ನು ನೋಡುತ್ತಿದ್ದಾನೆ. ಕ್ಯಾಮೆರಾವನ್ನಲ್ಲ, ನನ್ನನ್ನು. ಹುಬ್ಬು ಮೇಲೆದ್ದಿದೆ, ಬಾಯಿ ಅರ್ಧ ತೆರೆದಿದೆ, ಡಬ್ಬಿ ಇಲ್ಲದ ಕೈ ಸೊಂಟದಿಂದ ಮೇಲಕ್ಕೆ ಬಂದಿದೆ, ಬೆರಳು ಬಿಚ್ಚಿಕೊಂಡಿವೆ, ಶಾಲೆ ಬಿಡುವಾಗ ಗೇಟಿನ ಹೊರಗೆ ನಿಂತು ಅಷ್ಟೊಂದು ಮಕ್ಕಳ ನಡುವೆ ನಾನು ಕಂಡ ಕೂಡಲೇ ಎತ್ತುತ್ತಿದ್ದನಲ್ಲ, ಅದೇ ಕೈ — ನಗುತ್ತಿದ್ದಾನೆ, ಎಲ್ಲಿ ನಿಂತಿದ್ದೇನೆ ಎಂಬುದು ಅವನಿಗೆ ಮರೆತುಹೋಗಿದೆ, ರಸ್ತೆಯಾಚೆ ಮಗಳು ಕಂಡಳು, ಕ್ಯಾಮೆರಾ ಹಿಡಿದು ಕೆಲಸ ಮಾಡುತ್ತಿರುವ ಮಗಳು, ಅಷ್ಟೇ. ಏಳನೆಯದರಲ್ಲಿ ಗೋಡೆ. ನೆನಪಾಗಿಬಿಟ್ಟಿತ್ತು ಅವನಿಗೆ. ಅವತ್ತು ಊಟಕ್ಕೆ ಕೂತಾಗ ಕೇಳಿದ್ದ, ಇವತ್ತು ತೆಗೆದ ಫೋಟೋ ಚೆನ್ನಾಗಿ ಬಂತೇನಮ್ಮ, ನಾನು ಫೋಟೋದ ಮಾತೇ ಎತ್ತಿರಲಿಲ್ಲ, ಕ್ಯಾಮೆರಾ ಚೀಲ ನೋಡಿ ಕೇಳಿದ ಅಂದುಕೊಂಡೆ, ತುಂಬಾ ಚೆನ್ನಾಗಿ ಬಂತಪ್ಪ, ಮೇಷ್ಟ್ರು ಹೊಗಳಿದ್ರು, ಅಂದೆ, ಬಾಯಲ್ಲಿ ತುತ್ತಿಟ್ಟುಕೊಂಡೇ ಅಂದೆ, ಅಪ್ಪ ತಟ್ಟೆ ನೋಡಿಕೊಂಡು, ಒಳ್ಳೇದಾಯ್ತು ಬಿಡು, ಅಂದ. ಗೊತ್ತಿತ್ತು. ಪೇಪರ್ ಬರುವ ಮೊದಲೇ, ನನಗೆ ಗೊತ್ತಾಗುವ ಮೊದಲೇ, ನಾನು ಒತ್ತುವ ಮೊದಲೇ, ಎಂಟು ತಿಂಗಳು ಎದುರಿಗೇ ಕೂತು ಉಂಡ, ಒಂದು ದಿನವೂ ಏನೂ ಅನ್ನಲಿಲ್ಲ, ಬೈದಿದ್ದರೆ, ಒಂದೇ ಒಂದು ಸಲ ಬೈದಿದ್ದರೆ — ಟೈಮಾಯ್ತು, ಏಳನೇದನ್ನ ನಾನೇ ಹಾಕಿ ಕಳಿಸಿದ್ದೀನಿ ಬಿಡಮ್ಮ, ಅಂದರು ಕತ್ತರಿ ಸಾರ್, ಸರಿ ಸಾರ್ ಅಂದೆ, ಪುಟದ ಮೇಲಿನ ಬಿಳಿ ಚೌಕ ತುಂಬಿದೆ, ಹಿಂದಕ್ಕೆ ಒತ್ತುತ್ತೇನೆ, ಕೈ ಮೇಲೇಳುತ್ತದೆ, ಮುಂದಕ್ಕೆ ಒತ್ತುತ್ತೇನೆ, ಇಳಿದುಹೋಗುತ್ತದೆ, ಗೋಡೆ, ಹಿಂದಕ್ಕೆ, ಆ ಕೈ, ಮುಂದಕ್ಕೆ, ಗೋಡೆ, ಹಿಂದಕ್ಕೆ, ಅರ್ಧ ಮೇಲೆದ್ದ ಆ ಕೈ