ಹನ್ನೆರಡನೆಯ ಆಟ ಬೇಲೂರಿನಲ್ಲಿ

ಅರಸೀಕೆರೆಯ ಶಿಕ್ಷಣ ಇಲಾಖೆ ಕಚೇರಿಯಲ್ಲಿ ಗುಮಾಸ್ತೆಯಾಗಿದ್ದ ಲತಾಮಣಿ ತನ್ನ ಮೊದಲ ಮೊಬೈಲು ಕೊಂಡದ್ದು 2005ರ ಯುಗಾದಿಗೆ. ಕೊಂಡ ಮೂರನೇ ದಿನ, ಟಪಾಲು ವಿಂಗಡಿಸುತ್ತ ಕೂತಿದ್ದಾಗ, ಗುರುತಿಲ್ಲದ ನಂಬರಿನಿಂದ ಒಂದು ಮೆಸೇಜು ಬಂತು. ಅದರಲ್ಲಿದ್ದದ್ದು ಇಷ್ಟೇ: ‘ಇ2 ಇ4’.

ಬೇರೆ ಯಾರಾದರೂ ಆಗಿದ್ದರೆ ಇದ್ಯಾವುದೋ ಕಂಪನಿಯವರ ಕಾಟ ಎಂದು ಅಳಿಸಿಬಿಡುತ್ತಿದ್ದರು. ಲತಾಮಣಿ ಮಾತ್ರ ಕುರ್ಚಿಯಿಂದ ಅರ್ಧ ಎದ್ದೇಬಿಟ್ಟಳು. ಅದು ಚದುರಂಗದ ಮೊದಲ ನಡೆ, ರಾಜನ ಮುಂದಿನ ಕಾಲಾಳು ಎರಡು ಮನೆ ಮುಂದೆ! ಕಾಲೇಜಿನಲ್ಲಿ ಮೂರು ವರ್ಷ ತಂಡದಲ್ಲಿ ಆಡಿದವಳು ಅವಳು. ಕೆಲಸಕ್ಕೆ ಸೇರಿದ ಮೇಲೆ ಜೊತೆ ಸಿಗದೆ ಏಳು ವರ್ಷದಿಂದ ಕಾಯಿ ಮುಟ್ಟಿರಲಿಲ್ಲ. ಯಾರು, ಏನು ಎಂದು ಕೇಳುವಷ್ಟು ತಾಳ್ಮೆ ಎಲ್ಲಿತ್ತು? ‘ಇ7 ಇ5’ ಎಂದು ಒತ್ತಿ ಕಳಿಸಿಯೇಬಿಟ್ಟಳು.

ನಾಲ್ಕನೇ ನಡೆಯ ಹೊತ್ತಿಗೆ ಆ ಕಡೆಯಿಂದ ಪ್ರಶ್ನೆ ಬಂತು. ಫೋನಿನಲ್ಲಿ ಕನ್ನಡ ಅಕ್ಷರವಿಲ್ಲದ ಕಾಲ, ಇಂಗ್ಲಿಷ್ ಅಕ್ಷರದಲ್ಲೇ ಬರೆದ ಕನ್ನಡ. ‘ನೀವು ರಘುರಾಮ್ ಅಲ್ಲ. ಅವನು ಇಷ್ಟು ಬೇಗ ಕುದುರೆ ಹೊರಗೆ ತರುವವನಲ್ಲ. ಯಾರು ನೀವು?’

‘ಎಲ್. ಮಣಿ, ಅರಸೀಕೆರೆ. ತಾವು ಯಾರು ಸರ್?’

ಬಹಳ ಹೊತ್ತಿನ ಮೇಲೆ ಉತ್ತರ: ‘ಭಾಷ್ಯಂ ಮೇಷ್ಟ್ರ ಮನೆ, ಬೇಲೂರು. ನಂಬರಿನ ಕೊನೆ ಅಂಕಿ ತಪ್ಪಿದೆ. ಆಟ ಮುಂದುವರಿಯಲಿ.’

ಮುಂದುವರಿಯಿತು. ಎಂಟು ತಿಂಗಳಲ್ಲಿ ಹನ್ನೊಂದು ಆಟ. ಹನ್ನೊಂದರಲ್ಲೂ ಲತಾಮಣಿಗೆ ಸೋಲು. ಆದರೂ ಫೋನು ಕುಂಯ್ ಎಂದಾಗಲೆಲ್ಲ ಅವಳ ಮೈಯಲ್ಲಿ ಮಿಂಚು ಹರಿಯುತ್ತಿತ್ತು. ಭಾಷ್ಯಂ ಸರ್ ಮಾತು ಕಮ್ಮಿ, ಪೆಟ್ಟು ಜಾಸ್ತಿ. ‘ಆ ಆನೆಯನ್ನು ಮೂಲೆಯಲ್ಲೇ ಕಟ್ಟಿಹಾಕಿದ್ದೀರಿ, ಮೇವು ಯಾರು ಹಾಕುತ್ತಾರೆ?’ ಎಂದು ಬರೆದರೆ ಅವಳಿಗೆ ನಗು ತಡೆಯಲಾಗದೆ ಪಕ್ಕದ ಮೇಜಿನವರು ತಿರುಗಿ ನೋಡುತ್ತಿದ್ದರು. ಒಂದೇ ಒಂದು ಸಲ ಅವರ ದನಿ ಕೇಳೋಣವೆಂದು ಫೋನು ಮಾಡಿದಳು. ಆ ಕಡೆ ಎತ್ತಲಿಲ್ಲ. ‘ಮಾತು ಬೇಡ, ಆಟ ಸಾಕು’ ಎಂದು ಮೆಸೇಜು ಬಂತು.

ಹನ್ನೆರಡನೇ ಆಟ ಡಿಸೆಂಬರಿನಲ್ಲಿ ಮೂವತ್ತೊಂದನೇ ನಡೆಗೆ ಬಂದು ನಿಂತಿತು. ಭಾಷ್ಯಂ ಸರ್ ತಮ್ಮ ಆನೆಯನ್ನು ತಂದು, ಹೊಡಿ ಎನ್ನುವ ಹಾಗೆ, ಅವಳ ಮಂತ್ರಿಯ ಬಾಯಿಗೇ ಇಟ್ಟಿದ್ದರು. ಪುಕ್ಕಟೆ ಆನೆ! ಇಂಥವರು ಸುಮ್ಮನೆ ಕೊಡುತ್ತಾರೆಯೇ? ಬಲೆಯೋ, ಬೆದರಿಕೆಯೋ? ಎರಡು ದಿನ ಯೋಚಿಸಿದರೂ ಬಗೆಹರಿಯಲಿಲ್ಲ. ಮೂರನೇ ದಿನ ‘ಭಯವೇ?’ ಎಂಬ ಒಂದು ಪದ ಬಂತು. ಲತಾಮಣಿಗೆ ರೇಗಿತು. ‘ಎದುರಿಗೇ ಕೂತು ಮುಗಿಸೋಣ ಸರ್. ಎರಡನೇ ಶನಿವಾರ ರಜ, ಬೇಲೂರಿಗೆ ಬರ್ತೀನಿ’ ಎಂದು ಕಳಿಸಿದಳು.

ಇಡೀ ಒಂದು ದಿನ ಉತ್ತರವಿಲ್ಲ. ಆಮೇಲೆ ಬರಿಯ ವಿಳಾಸ ಬಂತು.

ಮನೆಯಲ್ಲಿ ಅವ್ವ ಲಕ್ಕಮ್ಮ ಕೈಯಲ್ಲಿದ್ದ ಮೊರ ಕೆಳಗಿಟ್ಟಳು. “ಮಕಾನೇ ನೋಡ್ದೇ ಇರೋರ ಮನೇಗೆ ಒಬ್ಳೇ ಓಯ್ತೀಯಾ? ಅದೇನ್ ಫೋನೋ, ಅದೇನ್ ಕಾಲ್ವೋ!”

“ಮಕ ನೋಡಕ್ಕೇ ಅಲ್ವೇನೆ ಓಯ್ತಿರಾದು?” ಎಂದ ಅಪ್ಪ ಗಂಗಯ್ಯ. “ಬುಡು, ಓಗ್ ಬರ್ಲಿ. ಕತ್ಲಾಗಕ್ ಮುಂಚೆ ಬಂದ್ಬುಡವ್ವ.”

ಶನಿವಾರ ಬೆಳಿಗ್ಗೆ ಬಸ್ಸು ಬಾಣಾವರ ದಾಟಿ, ಜಾವಗಲ್ಲಿನಲ್ಲಿ ತೆಂಗಿನಕಾಯಿ ಮೂಟೆಗಳನ್ನು ಟಾಪಿಗೇರಿಸಿಕೊಂಡು, ಹಳೇಬೀಡಿನಲ್ಲಿ ಅರ್ಧ ಖಾಲಿಯಾಗಿ ಬೇಲೂರು ಮುಟ್ಟುವಷ್ಟರಲ್ಲಿ ಲತಾಮಣಿ ಆ ಆನೆಯನ್ನು ನೂರು ಸಲ ಹೊಡೆದು ನೂರು ಸಲ ಬಿಟ್ಟಿದ್ದಳು. ದೇವಸ್ಥಾನದ ಹಿಂದಿನ ಬೀದಿಯಲ್ಲಿ ಕೇಳಿಕೊಂಡು ಹೋದರೆ, ಜಗಲಿಯ ಮೇಲೆ ನಾಮ ಹಚ್ಚಿಕೊಂಡ ಹಿರಿಯರೊಬ್ಬರು ಪೇಪರು ಓದುತ್ತಿದ್ದರು.

“ಭಾಷ್ಯಂ ಸರ್ ಮನೆ ಇದೇನಾ?”

“ನಾನೇ ಭಾಷ್ಯಂ. ಏನಮ್ಮ, ಸ್ಕೂಲಿನ ವಿಷಯವೇ? ನಾನು ರಿಟೈರಾಗಿ ಆರು ವರ್ಷ ಆಯ್ತಲ್ಲ.”

“ಅಲ್ಲ ಸರ್, ನಾನು ಎಲ್. ಮಣಿ! ಆ ಆನೆ ವಿಷಯ...”

“ಆನೆಯೇ?” ಮೇಷ್ಟ್ರು ಗಾಬರಿಯಿಂದ ಬೀದಿಯ ಎರಡೂ ಕಡೆ ನೋಡಿದರು.

ಒಳಗೆ ಪಾತ್ರೆಯೊಂದು ದಡಾರೆಂದು ಬಿತ್ತು. ಅರವತ್ತು ದಾಟಿದ ಹೆಂಗಸೊಬ್ಬರು ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಓಡಿಬಂದರು. ಬಾಗಿಲಲ್ಲೇ ನಿಂತು ಲತಾಮಣಿಯನ್ನು ತಲೆಯಿಂದ ಕಾಲಿನವರೆಗೆ ನೋಡಿದರು.

“ಮಣಿ? ನೀನಾ? ಹುಡುಗೀನಾ ನೀನು?”

“ಹೂಂ, ಲತಾಮಣಿ. ತಾವು...”

“ಚೆಲುವಾಂಬ. ಫೋನು ಇವರದು, ಬೆರಳು ನಂದು!” ಹೇಳುವಾಗಲೇ ಆಕೆಗೆ ನಗು ಉಕ್ಕಿ ಬಂತು. “ನೀನು ಸರ್ ಸರ್ ಅಂದೆ, ನಾನೂ ಸುಮ್ಮನಿದ್ದೆ. ಯಾರೋ ಗಂಡಸು ಬಂದು ನಿಂತರೆ ಇವರಿಗೆ ಏನು ಹೇಳೋದು ಅಂತ ನಾಲ್ಕು ದಿನದಿಂದ ಊಟ ಸೇರಿಲ್ಲ ಕಣೇ!”

ಲತಾಮಣಿಯೂ ನಕ್ಕಳು. ಎಷ್ಟು ನಕ್ಕಳೆಂದರೆ ಜಗಲಿಯ ಕಂಬ ಹಿಡಿದುಕೊಳ್ಳಬೇಕಾಯಿತು. ಏನೂ ಅರ್ಥವಾಗದ ಭಾಷ್ಯಂ ಮೇಷ್ಟ್ರಿಗೆ ಚೆಲುವಾಂಬ ಎಲ್ಲವನ್ನೂ ಬಿಡಿಸಿ ಹೇಳಿದರು. ಚದುರಂಗ ಅವರಿಗೆ ತಂದೆ ಕಲಿಸಿದ್ದು. ಮದುವೆಯಾಗಿ ಬಂದಮೇಲೆ ಮೈಸೂರಿನ ಅಣ್ಣ ರಘುರಾಮ್ ಜೊತೆ ಅಂಚೆ ಕಾರ್ಡಿನಲ್ಲಿ ಆಡುತ್ತಿದ್ದರು, ಒಂದು ಕಾರ್ಡಿಗೆ ಒಂದು ನಡೆ, ಒಂದು ಆಟಕ್ಕೆ ಎರಡು ವರ್ಷ. ಅಣ್ಣ ಮೊಬೈಲು ಕೊಂಡನೆಂದು ಅವನಿಗೆ ಕಳಿಸಿದ ನಡೆ ಅರಸೀಕೆರೆಗೆ ಹೋಗಿ ಬಿದ್ದಿತ್ತು.

ಜಗಲಿಯ ಮೇಲೆ ಹಲಗೆ ಬಂತು. ಇಬ್ಬರೂ ಸೇರಿ ಮೂವತ್ತೊಂದನೇ ನಡೆಯ ಆಟವನ್ನು ನೆನಪಿನಿಂದಲೇ ಜೋಡಿಸಿದರು.

“ಅರಸೀಕೆರೇಲಿ ಯಾರ ಪೈಕಿ ನೀವು?” ಕೊನೆಯ ಕಾಲಾಳು ಇಡುತ್ತ ಚೆಲುವಾಂಬ ಸಹಜವಾಗಿಯೇ ಕೇಳಿದರು.

ಫೋನಿನಲ್ಲಿ ಎಂಟು ತಿಂಗಳು ಬರದೇ ಇದ್ದ ಪ್ರಶ್ನೆ. ಲತಾಮಣಿ ತಲೆಯೆತ್ತಿಯೇ ಹೇಳಿದಳು. “ನಮ್ಮಪ್ಪ ಗಂಗಯ್ಯ, ರೈಲ್ವೆ ಗ್ಯಾಂಗ್‌ಮನ್ ಆಗಿದ್ರು. ನಾವು ಬೌದ್ಧರು. ತಾತನ ಕಾಲದಲ್ಲಿ ಊರಾಚೆ ಕೇರಿಯವರು.”

ಮೆಸೇಜು ಬರುವುದು ಎರಡು ಗಂಟೆ ತಡವಾದರೂ ಅವಳಿಗೆ ಏನೂ ಅನ್ನಿಸುತ್ತಿರಲಿಲ್ಲ. ಈಗಿನ ಈ ಮೌನ ನಾಲ್ಕು ಉಸಿರಿನಷ್ಟು, ಅಷ್ಟನ್ನೂ ಅವಳು ಎಣಿಸಿದಳು. ಮೇಷ್ಟ್ರು ಪೇಪರಿನ ಹಾಳೆ ಮಗುಚಿದರು. ಚೆಲುವಾಂಬ ಅವಳ ಮುಖವನ್ನೇ ನೋಡುತ್ತಿದ್ದರು. ಹಾಗೆ ನೋಡುತ್ತಲೇ ಏನೋ ತೀರ್ಮಾನ ಮಾಡಿದವರಂತೆ ಎದ್ದರು.

“ಏನೂಂದ್ರೆ, ಇಲ್ಲಿ ಬಿಸಿಲು ಬರುತ್ತೆ. ಹಲಗೆ ನಡುಮನೆಗೆ ತನ್ನಿ. ಬಾ ಮಗು ಒಳಗೆ.”

ಬಿಸಿಲು ಬೀದಿಯ ಆಚೆ ಬದಿಯಲ್ಲಿತ್ತು. ಮೇಷ್ಟ್ರು ಹೆಂಡತಿಯನ್ನೊಮ್ಮೆ, ಹುಡುಗಿಯನ್ನೊಮ್ಮೆ ನೋಡಿದರು. ಆಮೇಲೆ ಎರಡೂ ಕೈಯಲ್ಲಿ ಹಲಗೆಯನ್ನೆತ್ತಿಕೊಂಡು, ತುಂಬಿದ ಕೊಡ ಹೊತ್ತವರ ಹಾಗೆ ಹೆಜ್ಜೆ ಹಾಕಿದರು. ಹೊಸ್ತಿಲಲ್ಲಿ ಕಾಲು ಎಡವಿತು. ಎರಡು ಕಾಯಿ ಉರುಳಿದವು.

“ಕುದುರೆ ಡಿ ಐದು, ಒಂಟೆ ಎಫ್ ಆರು!” ಎರಡು ಗಂಟಲು ಒಂದೇ ಸಲ ಕೂಗಿದವು.

ಮೇಷ್ಟ್ರು ಬೆಚ್ಚಿಬಿದ್ದರು. ಹೆಂಗಸರಿಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಚೆಲುವಾಂಬ ಬಗ್ಗಿ ಕುದುರೆ ಎತ್ತಿದರು, ಲತಾಮಣಿ ಒಂಟೆ ಎತ್ತಿದಳು. 

ಕಾಫಿ ಕುಡಿದಾಯಿತು. ಈಗ ಅವಳ ನಡೆ. ಆನೆ ಅಲ್ಲೇ ಇತ್ತು, ಹೊಡಿ ಎನ್ನುತ್ತಾ. ಲತಾಮಣಿ ಹಲಗೆ ನೋಡಿ ನೋಡಿ ಸಾಕಾಗಿ ಕಣ್ಣೆತ್ತಿದಳು. ಚೆಲುವಾಂಬ ಎಲ್ಲೋ ನೋಡುತ್ತ ಮೂಗುಬೊಟ್ಟನ್ನು ತಿರುವುತ್ತಿದ್ದರು. ಲತಾಮಣಿ ಬೇಕೆಂದೇ ಕೈಯನ್ನು ಆನೆಯ ಕಡೆ ಒಯ್ದಳು, ಮೂಗುಬೊಟ್ಟು ಸರಸರ ತಿರುಗಿತು. ಕೈ ಹಿಂದೆ ತೆಗೆದಳು, ಬೆರಳು ನಿಂತಿತು. ಮತ್ತೆ ಒಯ್ದಳು, ಮತ್ತೆ ತಿರುಗಿತು! ಬಲೆಯೂ ಇಲ್ಲ, ಗಿಲೆಯೂ ಇಲ್ಲ. ಹನ್ನೊಂದು ಆಟದಲ್ಲಿ ಈಕೆ ತನ್ನನ್ನು ಇನ್ನೆಷ್ಟು ಸಲ ಹೀಗೆ ಬರೀ ಧೈರ್ಯದ ಮೇಲೆ ಹೆದರಿಸಿದ್ದರೋ!

ಟಕ್ಕನೆ ಆನೆ ಹೊಡೆದಳು.

“ಅಯ್ಯೋ!” ಎಂದರು ಚೆಲುವಾಂಬ, ಚಿಕ್ಕ ಹುಡುಗಿಯ ಹಾಗೆ.

ಆಮೇಲೆ ಆಟ ಓಡಿತು. ಚೆಕ್, ಮತ್ತೆ ಚೆಕ್. ಚೆಲುವಾಂಬ ಸುಲಭದಲ್ಲಿ ಬಿಡುವವರಲ್ಲ, ಕಾಲಾಳೊಂದನ್ನು ಕೊನೆಯ ಮನೆಯ ಹತ್ತಿರದವರೆಗೂ ತಳ್ಳಿಕೊಂಡು ಬಂದರು. ಮೇಷ್ಟ್ರು ಪೇಪರು ಮರೆತು, ಆಟ ಬಾರದಿದ್ದರೂ, “ಅದನ್ನ ಹೊಡೀಬಾರದೇ?” ಎಂದು ಇಬ್ಬರಿಂದಲೂ ಬೈಸಿಕೊಂಡರು. ನಲವತ್ತೇಳನೇ ನಡೆಗೆ ಚೆಲುವಾಂಬರ ಕಪ್ಪು ರಾಜನಿಗೆ ಹೋಗಲು ಜಾಗವಿರಲಿಲ್ಲ.

ಚೆಲುವಾಂಬ ರಾಜನನ್ನು ಮಲಗಿಸಿ ಗದರಿದರು. “ನೀನು ಹಲಗೆ ನೋಡಿ ಆಡಲಿಲ್ಲ, ನನ್ನ ಮುಖ ನೋಡಿ ಆಡಿದೆ!”

“ಅದನ್ನ ನೋಡೋಕೇ ಬಸ್ಸು ಹತ್ತಿ ಬಂದಿದ್ದು ಅಮ್ಮ.”

“ಮೋಸ ಇದು! ಫೋನಿನಲ್ಲಾಗಿದ್ದರೆ ನೀನು ಗೆಲ್ಲುತ್ತಿದ್ದೆಯಾ?” ಎಂದವರು ಒಡನೆಯೇ ಅವಳ ಮೊಣಕೈ ಹಿಡಿದುಕೊಂಡರು. ಕಣ್ಣು ಫಳಫಳ ಹೊಳೆಯುತ್ತಿತ್ತು. “ಎದುರಿಗೆ ಒಬ್ಬರು ಕೂತು ಆಡಿ ನಲವತ್ತು ವರ್ಷ ಆಗಿತ್ತು ಕಣೇ. ಸೋತರೆ ಇಷ್ಟು ಖುಷಿ ಆಗುತ್ತೆ ಅನ್ನೋದೇ ಮರೆತುಹೋಗಿತ್ತು. ಮುಂದಿನ ಎರಡನೇ ಶನಿವಾರ ಹಳೇಬೀಡು. ನಿನಗೂ ನನಗೂ ನಡುವಿನ ದಾರಿ. ದೇವಸ್ಥಾನದ ಮುಂದಿನ ಹುಲ್ಲಿನ ಮೇಲೆ ಕೂತು ಆಡೋಣ.”

“ನಾನೂ ಬರಲೇ?” ಎಂದರು ಮೇಷ್ಟ್ರು.

“ಬೇಡಿ. ನೀವು ಮಧ್ಯೆ ಬಾಯಿ ಹಾಕ್ತೀರಿ.”

ಜನವರಿಯ ಆ ಶನಿವಾರ ಲತಾಮಣಿ ಹಳೇಬೀಡಿನ ಬಸ್‌ಸ್ಟ್ಯಾಂಡಿನಲ್ಲಿ ಅರ್ಧ ಗಂಟೆ ಮುಂಚೆಯೇ ಬಂದು ನಿಂತಿದ್ದಳು. ಬೇಲೂರಿನ ಬಸ್ಸು ಬಂತು. ಪ್ರವಾಸಿಗರು, ಸೊಪ್ಪಿನ ಗಂಟಿನವರು, ಕಾಲೇಜು ಹುಡುಗರು ಎಲ್ಲರೂ ಇಳಿದರು. ಚೆಲುವಾಂಬ ಕಾಣಲಿಲ್ಲ. ಅವಳು ಇನ್ನೇನು ಫೋನು ತೆಗೆಯಬೇಕು, ಅಷ್ಟರಲ್ಲಿ ಮುಂದಿನ ಬಾಗಿಲಿನಿಂದ ಮೊದಲು ಒಂದು ವೈರ್ ಬುಟ್ಟಿ ಇಳಿಯಿತು, ಅದರೊಳಗೆ ಮಡಿಸಿದ ಹಲಗೆ. ಹಿಂದೆಯೇ, ಕಂಡಕ್ಟರಿನ ಕೈ ಬೇಡವೆಂದು ಸರಿಸಿ, ಒಬ್ಬರೇ ಇಳಿದರು ಚೆಲುವಾಂಬ. ಇಷ್ಟು ವರ್ಷದಲ್ಲಿ ಒಂಟಿಯಾಗಿ ಬಸ್ಸು ಹತ್ತಿದ್ದು ಅದೇ ಮೊದಲು. ನೆರೆದವರೆಲ್ಲ ತಿರುಗಿ ನೋಡುವ ಹಾಗೆ, ಅಷ್ಟು ದೂರದಿಂದಲೇ ಕೂಗಿದರು.

“ಲತಾ! ಬಿಳೀದು ಇವತ್ತು ನಂದು!”