ಹದಿಮೂರನೆಯ ಎಲೆಯಲ್ಲಿ ಸೋಫಾ

ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಮಾಮೂಲಿ ಬೆಳಿಗ್ಗೆ, ನೀರಿನ ಮೀಟರ್ ನೋಡುವವನು ಬಂದ.

"ಸಾರ್ ಇಲ್ವಾ?"

"ಇಲ್ಲ."

ಅಂಕಿ ಬರೆದುಕೊಂಡು ಹೋದ.

ನನ್ನ ಗಂಡನ ಅಂತ್ಯಕ್ರಿಯೆಯಾಗಿ ನಾಲ್ಕು ದಿನವಾಗಿತ್ತು. ಅವನು ಚಿತ್ರಕಾರ. ಎರಡು ವರ್ಷದಿಂದ ಊಟದ ಮೇಜಿನ ಮೇಲೆ ಟ್ಯಾರೋ ಎಲೆಗಳನ್ನು ಬರೆಯುತ್ತಿದ್ದ. ಇಸ್ಪೀಟಿನ ಹಾಗೆ ಕಲಸಿ, ಹರಡಿ ಭವಿಷ್ಯ ಹೇಳುವ ಎಪ್ಪತ್ತೆಂಟು ಎಲೆಗಳು. ಇವನ ಕಟ್ಟಿನಲ್ಲಿ ಕಿರೀಟಗಳಿಲ್ಲ, ಕುದುರೆಗಳಿಲ್ಲ. ಚಕ್ರವರ್ತಿಯ ಎಲೆಯಲ್ಲಿ ನಮ್ಮ ಕಟ್ಟಡದ ಕಾರ್ಯದರ್ಶಿ, ಸೊಂಟದಲ್ಲಿ ಬೀಗದ ಕೈಗಳ ಗೊಂಚಲು. ರಥವೆಂದರೆ ಒಂದು ಚಕ್ರ ಸೊಟ್ಟಗಾದ ಸೂಪರ್‌ ಮಾರ್ಕೆಟ್ ಗಾಡಿ. ಗೋಪುರವೆಂದರೆ ಕೆಟ್ಟು ನಿಂತ ಲಿಫ್ಟ್.

ಚಿತ್ರಗಳು ಮುಗಿದಿದ್ದವು. ಒಂದು ಮಾದರಿ ಕಟ್ಟನ್ನು ದಪ್ಪ ಕಾಗದದಲ್ಲಿ ಮುದ್ರಿಸಿ ತಂದು ಮೂಲೆಗಳನ್ನು ದುಂಡಗೆ ಕತ್ತರಿಸುತ್ತಿದ್ದ. ಅದಕ್ಕೆಂದು ಕೆಳಗಿನ ಬೈಂಡಿಂಗ್ ಅಂಗಡಿಯಿಂದ ಕಬ್ಬಿಣದ ಪುಟ್ಟ ಯಂತ್ರವೊಂದನ್ನು ಎರವಲು ತಂದಿದ್ದ. ಹಿಡಿಕೆ ಒತ್ತಿದರೆ, ಟಕ್, ಒಂದು ಮೂಲೆ. ಐವತ್ತು ಎಲೆ ಮುಗಿಸಿ ಅಂಟು ತರಲು ಹೋದ. ಲಿಫ್ಟ್ ಕೆಟ್ಟಿತ್ತು. ಹತ್ತಿ ಬರುವಾಗ ಎರಡನೆಯ ಮಹಡಿಯ ತಿರುವಿನಲ್ಲಿ ಕೂತ. ಏಳಲಿಲ್ಲ. ಮೂವತ್ತನಾಲ್ಕು ವರ್ಷ.

ಹನ್ನೊಂದು ಗಂಟೆಗೆ, ಈ ಎಲೆಗಳನ್ನು ಅಚ್ಚು ಹಾಕಿಸಬೇಕಿದ್ದ ಪ್ರಕಾಶಕರು ಬಂದರು. ಅತ್ತೆ ಎದುರಿಗೆ ಕೂತರು. ಪ್ರಕಾಶಕರು ಕಟ್ಟಿನಿಂದ ಎರಡು ಎಲೆ ತೆಗೆದು ಪಕ್ಕಪಕ್ಕದಲ್ಲಿಟ್ಟರು.

ಒಂದರ ಹೆಸರು 'ವಿಶ್ರಾಂತಿ'. ಮೆಟ್ಟಿಲ ತಿರುವಿನಲ್ಲಿ ಗೋಡೆಗೊರಗಿ ಕೂತ ಗಂಡಸು. ತಲೆ ಬಾಗಿದೆ, ಮುಖ ಕಾಣದು, ಒಂದು ಶೂ ಬಿಚ್ಚಿಟ್ಟಿದ್ದಾನೆ. ಇನ್ನೊಂದು ಹದಿಮೂರನೆಯದು, 'ಸಾವು'. ಮೂವರು ಸೇರಿ ಹಳೆಯ ಸೋಫಾವೊಂದನ್ನು ಮೆಟ್ಟಿಲಲ್ಲಿ ಇಳಿಸುತ್ತಿದ್ದಾರೆ. ಅದು ಸಿಕ್ಕಿಕೊಂಡಿದೆ.

"ಈ ಎರಡರ ಹೆಸರು ಅದಲುಬದಲು ಮಾಡೋಣ ಮೇಡಂ. ಸಾವು ಅಂದ್ರೆ ಸೋಫಾ ಅಂತ ಯಾರು ಒಪ್ತಾರೆ? ಡಬ್ಬಿ ಮೇಲೆ ಒಂದೇ ಸಾಲು: ತನ್ನ ಸಾವನ್ನು ತಾನೇ ಮೊದಲು ಕಂಡ ಕಲಾವಿದ."

ಅತ್ತೆ ಮುಂದಕ್ಕೆ ಬಾಗಿದರು. "ಗೊತ್ತಿತ್ತಾ ಅವನಿಗೆ?"

"ಗೊತ್ತಿಲ್ದೆ ಅದೇ ಜಾಗ ಬರೀತಾರಾ ಅಮ್ಮಾ?"

"ಗೊತ್ತಿರ್ಲಿಲ್ಲ" ಎಂದೆ.

ಗೊತ್ತಿತ್ತು ಎಂದರೆ ನನ್ನಿಂದ ಮುಚ್ಚಿಟ್ಟಿದ್ದ ಎಂದಾಗುತ್ತದೆ. ನನಗೆಂದು ತಂದ ಉಡುಗೊರೆಯನ್ನು ಸಂಜೆಯವರೆಗೆ ಬಚ್ಚಿಡಲಾರದ ಮನುಷ್ಯ ಅವನು. ಚಪ್ಪಲಿ ಬಿಡುವ ಮೊದಲೇ ಹೇಳಿಬಿಡುತ್ತಿದ್ದ. ಸತ್ತ ಮೇಲೆ ಅವನಿಗೊಂದು ಗುಟ್ಟು ಅಂಟಿಸಲು ನಾನು ಬಿಡುವುದಿಲ್ಲ.

"ಸಾವಿನ ಎಲೇಲಿ ಸೋಫಾನೇ ಇರ್ಲಿ."

"ದುಃಖದಲ್ಲಿದ್ದೀರಿ. ಓದಿದವರು ನೀವು, ಯೋಚನೆ ಮಾಡಿ. ಬದಲಾಯಿಸದೆ ಇದು ಅಚ್ಚಾಗಲ್ಲ."

"ಹಾಗಾದ್ರೆ ಅಚ್ಚಾಗೋದು ಬೇಡ."

ಅತ್ತೆ ಹದಿಮೂರನೆಯ ಎಲೆಯನ್ನು ಎತ್ತಿ, ತೋಳು ಚಾಚಿ ದೂರ ಹಿಡಿದು ನೋಡಿದರು.

"ಇದು ನನ್ನ ಸೋಫಾ ಅಲ್ವೇನೇ?"

"ಹೂಂ ಅತ್ತೆ."

"ಎರಡು ಸ್ಪ್ರಿಂಗ್ ಹೋಗಿದ್ದಕ್ಕೆ ಸಾವು ಅಂತ ಬರೆದುಬಿಟ್ನಾ ಕಳ್ಳ! ನಾನು ಮನೇಲಿಲ್ಲದಾಗ ಸಾಗಹಾಕ್ಬೇಕು ಅಂತಿದ್ದ. ಸಾಗಿಸೋ ಹಿಂದಿನ ದಿನ ತಾನೇ ಬಂದು ಬಾಯಿ ಬಿಟ್ಟ." ಎಲೆಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು. "ಅವನ ಹೊಟ್ಟೇಲಿ ಒಂದು ಮಾತು ನಿಲ್ತಿರ್ಲಿಲ್ಲ" ಎಂದು ಪ್ರಕಾಶಕರ ಕಡೆ ತಿರುಗಿದರು. "ನನ್ನ ಸೋಫಾ ಎಲ್ಲಿದೆಯೋ ಅಲ್ಲೇ ಇರ್ಲಿ ಸ್ವಾಮಿ."

ಪ್ರಕಾಶಕರು ಕಾಫಿ ಅರ್ಧಕ್ಕೇ ಬಿಟ್ಟು ಎದ್ದರು.

ಮಧ್ಯಾಹ್ನ ಅವನ ಕುರ್ಚಿಯಲ್ಲಿ ಕೂತೆ. ಇಪ್ಪತ್ತೆಂಟು ಎಲೆ, ನೂರಹನ್ನೆರಡು ಮೂಲೆ. ಮೊದಲ ಎರಡು ವಕ್ರವಾದವು. ಆಮೇಲೆ ಕೈ ಕೂತಿತು. ಅತ್ತೆ ಕತ್ತರಿಸಿದ ಚೂರುಗಳನ್ನು ಸೆರಗಿಗೆ ಬಳಿದುಕೊಳ್ಳುತ್ತಿದ್ದರು.

ನಾಲ್ಕಕ್ಕೆ ಕಟ್ಟನ್ನು ಹೆಗಲ ಚೀಲಕ್ಕೆ ಹಾಕಿಕೊಂಡು, ಯಂತ್ರವನ್ನು ಎತ್ತಿಕೊಂಡು ಹೊರಟೆ. ಲಿಫ್ಟ್ ಇನ್ನೂ ಕೆಟ್ಟೇ ಇತ್ತು. ಯಂತ್ರ ಭಾರ. ಎರಡನೆಯ ಮಹಡಿಯ ತಿರುವಿನಲ್ಲಿ ಅದನ್ನು ಕೆಳಗಿಟ್ಟೆ, ಕೈ ಉಜ್ಜಿಕೊಂಡೆ, ಮತ್ತೆ ಎತ್ತಿಕೊಂಡೆ. ಮೆಟ್ಟಿಲಿನ ತಿರುವು, ಅಷ್ಟೆ.

"ನೀನ್ಯಾಕಮ್ಮ ಹೊತ್ಕೊಂಡು ಬಂದೆ? ಹೇಳಿ ಕಳಿಸಿದ್ರೆ ನಾನೇ ಬರ್ತಿದ್ದೆ" ಎಂದರು ಬೈಂಡಿಂಗ್ ಅಂಗಡಿಯವರು. ಕಟ್ಟಡದವರಿಗೆಲ್ಲ ಅವರು ಮಾವ.

"ನಿಮ್ಮ ಮೊಣಕಾಲು ಹತ್ತಬೇಕಲ್ಲ ಮಾವ."

ಯಂತ್ರವನ್ನು ಬಾಗಿಲ ಕಟ್ಟೆಗೆ ಆನಿಸಿಕೊಂಡು, ಕಟ್ಟನ್ನು ಅವರ ಕೈಗೆ ಕೊಟ್ಟೆ. ಕನ್ನಡಕ ಏರಿಸಿ ಒಂದೊಂದೇ ಎಲೆ ತಿರುವಿದರು. 'ವಿಶ್ರಾಂತಿ' ಬಂದಾಗ ನಿಲ್ಲಿಸಿದರು.

"ಇದು ನಾನಲ್ವಾ! ಈ ಹಿಮ್ಮಡಿ ಸವೆದಿರೋ ಶೂ ನಂದೇ. ಹೋದ ವರ್ಷ ಮಂಡಿ ಹಿಡ್ಕೊಂಡು ಕೂತಿದ್ದೆ, ಅಲ್ಲಾಡ್ಬೇಡಿ ಮಾವ ಅಂತ ಅರ್ಧ ಗಂಟೆ ಕೂರಿಸಿಬಿಟ್ಟ. ಹೊಟ್ಟೆ ಮಾತ್ರ ಜಾಸ್ತಿ ಬರೆದಿದ್ದಾನೆ."

"ಸರಿಯಾಗೇ ಇದೆ ಮಾವ."

ಅವರು ತಲೆಯೆತ್ತಿ ನನ್ನನ್ನು ನೋಡಿದರು. ನಾನು ನಕ್ಕಿರಬೇಕು.

"ಇಂಥದೇ ನೂರು ಕಟ್ಟು ನಾವೇ ಮಾಡಿದ್ರೆ? ಒಂದು ಹೆಸರೂ ಬದಲಾಯಿಸದೆ" ಎಂದೆ.

"ನಾನು ಕತ್ತರಿಸ್ತೀನಿ. ನಿನ್ನ ಕೈಗೆ ಬಿಟ್ರೆ ಈ ಎರಡರ ಗತಿ ಆಗತ್ತೆ." ವಕ್ರ ಮೂಲೆಗಳನ್ನು ಆಗಲೇ ಹುಡುಕಿಬಿಟ್ಟಿದ್ದರು. "ಮೊದಲು ಆ ಯಂತ್ರ ಇಡು."

ಅವರ ಮೇಜಿನ ಧೂಳಿನಲ್ಲಿ ಅದರ ನಾಲ್ಕು ಕಾಲುಗಳ ಗುರುತು ಹಾಗೇ ಇತ್ತು. ನೋಡಿಕೊಂಡು, ಅದೇ ಗುರುತುಗಳ ಮೇಲೆ ಇಟ್ಟೆ.