ಮೇಜಿನ ಮೇಲೆ ಅದು, ಕೆಳಗೆ ನಾನು

ನಾನು ಒಂದು ಮೆಣಸಿನಕಾಯಿ ಪರೀಕ್ಷಿಸುವ ಯಂತ್ರ. ಯಂತ್ರ ಎಂದ ಕೂಡಲೇ ಏನೇನೋ ಊಹಿಸಿಕೊಳ್ಳಬೇಡಿ. ಹಾಸ್ಟೆಲಿನವರು ಎಸೆದ ಕಪಾಟಿನ ಪ್ಲೈವುಡ್ಡಿನಿಂದ ಮಾಡಿದ ಒಂದು ಡಬ್ಬಿ, ಒಳಗೆ ಒಂದು ಕ್ಯಾಮೆರಾ, ಒಂದು ನೇರಳೆ ದೀಪ, ಅಂಗೈಯಗಲದ ಒಂದು ಪುಟ್ಟ ಕಂಪ್ಯೂಟರ್. ಇಷ್ಟೇ ನಾನು. ನೋಡಲು ಚೆಂದವಿಲ್ಲ ಎಂಬುದು ನನಗೂ ಗೊತ್ತು, ಯಾರೂ ಬಂದು ಹೇಳಬೇಕಾಗಿಲ್ಲ. ನನ್ನ ಇನ್ನೊಂದು ಕೊರತೆಯನ್ನೂ ಈಗಲೇ ಹೇಳಿಬಿಡುತ್ತೇನೆ. ನನಗೆ ಹೊಟ್ಟೆಕಿಚ್ಚು ಜಾಸ್ತಿ.

ನಾನು ಹುಟ್ಟಿದ್ದು ಹುಬ್ಬಳ್ಳಿಯ ಒಂದು ವಿಶ್ವವಿದ್ಯಾಲಯದ ಎಲೆಕ್ಟ್ರಾನಿಕ್ಸ್ ಲ್ಯಾಬಿನಲ್ಲಿ. ಹುಟ್ಟಿಸಿದವರು ಇಬ್ಬರು, ಕೊನೆಯ ವರ್ಷದಲ್ಲಿ ಓದುತ್ತಿದ್ದ ನೀಲಗಂಗಾ ಹಾದಿಮನಿ ಮತ್ತು ಅವಳ ಸಹಪಾಠಿ ಫಯಾಜ್ ನದಾಫ್. ಪೇಟೆಗೆ ಬರುವ ಒಣಮೆಣಸಿನಕಾಯಿಗೆ ಕೆಲವರು ತೂಕ ಬರಲೆಂದು ನೀರು ಹೊಡೆಯುತ್ತಾರೆ. ಇನ್ನು ಕೆಲವರು ಹಳೆಯ ಮಾಲು ಹೊಸದರಂತೆ ಹೊಳೆಯಲೆಂದು ಎಣ್ಣೆ ಸವರುತ್ತಾರೆ. ಬರಿಗಣ್ಣಿಗೆ ಅದು ಸುಲಭವಾಗಿ ಕಾಣುವುದಿಲ್ಲ. ನನ್ನ ನೇರಳೆ ದೀಪ ಹೊತ್ತಿತೆಂದರೆ ಎಣ್ಣೆ ಇರುವ ಕಡೆ ತೆಳುವಾದ ನೀಲಿ ಹೊಳಪು ಏಳುತ್ತದೆ. ಶುದ್ಧವಿದ್ದರೆ ಹಸಿರು ದೀಪ, ನೀರು ಹೊಡೆದಿದ್ದರೆ ಹಳದಿ, ಎಣ್ಣೆ ಇದ್ದರೆ ಕೆಂಪು. ಹೀಗೆ ಹೇಳುವುದೇ ನನ್ನ ಕಸುಬು.

ಈ ಕಸುಬನ್ನು ನನಗೆ ಕಲಿಸಿದ್ದು ನೀಲಾಳ ತಾಯಿ ಕಲ್ಲವ್ವ. ಆಕೆ ಮೂವತ್ತು ವರ್ಷ ಮೆಣಸಿನಕಾಯಿ ಪೇಟೆಯಲ್ಲಿ ತೊಟ್ಟು ಬಿಡಿಸಿ, ಮಾಲು ಬೇರ್ಪಡಿಸಿ ದುಡಿದವಳು. ಭಾನುವಾರ ಬಂತೆಂದರೆ ನೀಲಾ ನನ್ನನ್ನು ಹಳೆಯ ಚಾದರದಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಊರಿಗೆ ಒಯ್ಯುತ್ತಿದ್ದಳು. ಕಲ್ಲವ್ವ ಒಂದೊಂದೇ ಕಾಯಿಯನ್ನು ನನ್ನ ತಟ್ಟೆಯಲ್ಲಿಡುತ್ತಿದ್ದಳು. "ಇದು ಚಲೋದು. ಇದಕ್ಕ ನೀರ ಹೊಡದಾರ. ಇದಕ್ಕ ಎಣ್ಣಿ ಸವರ್ಯಾರ," ಎಂದು ಆಕೆ ಹೇಳಿದ್ದನ್ನು ಫಯಾಜ್ ಬರೆದುಕೊಳ್ಳುತ್ತಿದ್ದ, ನಾನು ನೋಡಿ ನೆನಪಿಡುತ್ತಿದ್ದೆ. ಎರಡು ಸಾವಿರ ಕಾಯಿ ನೋಡಿದ ಮೇಲೆ ಆಕೆ ಬಾಯಿ ತೆರೆಯುವ ಮೊದಲೇ ನನ್ನ ದೀಪ ಹೊತ್ತತೊಡಗಿತು. "ಇದರ ಕಣ್ಣ ನನ್ನ ಕಣ್ಣಕಿಂತ ಚುರುಕದಾವ," ಎಂದು ಕಲ್ಲವ್ವ ನನ್ನ ನೆತ್ತಿ ತಟ್ಟಿದಳು. ನನ್ನ ಬಾಳಿನಲ್ಲಿ ಅಷ್ಟು ಸುಖದ ದಿನಗಳು ಮತ್ತೆ ಬರಲಿಲ್ಲ.

ಓದು ಮುಗಿದ ಮೇಲೆ ವಿಶ್ವವಿದ್ಯಾಲಯದ ಸ್ಟಾರ್ಟ್‌ಅಪ್ ಕೇಂದ್ರದಲ್ಲಿ ನಮಗೊಂದು ಕೋಣೆ ಸಿಕ್ಕಿತು. ಕೋಣೆಗೆ ಒಂದು ವರ್ಷದ ಗಡುವು. ಅಷ್ಟರಲ್ಲಿ ಯಾರಾದರೂ ಹೂಡಿಕೆದಾರರು ಒಪ್ಪಿ ಕೈಹಿಡಿಯಬೇಕು. ಇಲ್ಲವಾದರೆ ಕೋಣೆ ಬಿಡಬೇಕು, ನನ್ನನ್ನು ಬಿಚ್ಚಿ ಕ್ಯಾಮೆರಾ ಮತ್ತು ಕಂಪ್ಯೂಟರನ್ನು ಲ್ಯಾಬಿಗೆ ಮರಳಿಸಬೇಕು. ವರ್ಷ ಮುಗಿಯುತ್ತ ಬಂದಾಗ ಬೆಂಗಳೂರಿನಿಂದಲೂ ಸುತ್ತಲಿನ ಊರುಗಳಿಂದಲೂ ಹೂಡಿಕೆದಾರರು ಬರುವ ದಿನ ಗೊತ್ತಾಯಿತು. ಕೇಂದ್ರದ ಮುಖ್ಯಸ್ಥರು ಬಂದು ನನ್ನನ್ನು ನೋಡಿದರು. ಆಗ ನನ್ನ ತಲೆಯ ಮೇಲೆ ಎರಡು ಚಹಾ ಲೋಟಗಳಿದ್ದವು.

"ಇದನ್ನ ತಗೊಂಡು ಹೋಗಿ ಅವ್ರ ಮುಂದ ಇಡ್ತೀರೇನು? ಅವ್ರು ಮುಖಾ ನೋಡಿ ಮಣಿ ಹಾಕೋ ಮಂದಿ," ಎಂದರು.

ಹಾಗೆ ಅದು ಬಂತು.

ಅದಕ್ಕೆ ನಾನು ಹೆಸರಿಟ್ಟಿಲ್ಲ, ಇಡುವುದೂ ಇಲ್ಲ. ನನ್ನ ಬದಲಿಗೆಂದು ಮಾಡಿಸಿ ತಂದ ಹೊಸ ಡಬ್ಬಿ ಅದು. ಬೆಣ್ಣೆಯಂಥ ಬಿಳಿ ಪ್ಲಾಸ್ಟಿಕ್ಕಿನ ಮೈ, ಉರುಟಾದ ಅಂಚು, ಎದೆಯ ಮೇಲೆ ಹಸಿರು ಎಲೆಯ ಗುರುತು. ಪಕ್ಕದ ಕೋಣೆಯ ಹುಡುಗ ಹುಡುಗಿಯರೆಲ್ಲ ಬಂದು ಅದರ ಜತೆ ಫೋಟೋ ತೆಗೆಸಿಕೊಂಡರು. ಒಂದು ವರ್ಷ ನಾನು ಅಲ್ಲೇ ಇದ್ದೆ, ನನ್ನ ಜತೆ ಒಬ್ಬರೂ ಒಂದು ಫೋಟೋ ತೆಗೆಸಿಕೊಂಡಿರಲಿಲ್ಲ. ನೀಲಾ ತನ್ನ ದುಪಟ್ಟಾದ ಅಂಚಿನಿಂದ ಅದನ್ನು ಒರೆಸುವುದನ್ನು ಕಂಡಾಗ ನನ್ನ ಹೊಟ್ಟೆಯಲ್ಲಿ ಮೆಣಸಿನಕಾಯಿ ಅರೆದಂತಾಯಿತು. ಮೇಲೆ ಥಳಕು, ಒಳಗೆ ಹುಳುಕು ಎನ್ನುತ್ತಾರೆ. ಇದರೊಳಗೆ ಹುಳುಕೂ ಇರಲಿಲ್ಲ, ಪೂರಾ ಖಾಲಿ.

ನನ್ನ ಕ್ಯಾಮೆರಾ, ದೀಪ, ಕಂಪ್ಯೂಟರನ್ನು ಬಿಚ್ಚಿ ಅದರೊಳಗೆ ಕೂರಿಸಬೇಕೆಂದು ಇಬ್ಬರೂ ಮಾತಾಡಿಕೊಂಡರು. ಕೂರಿಸಿದರು ಕೂಡ. ನನ್ನದೇ ಕಣ್ಣು, ನನ್ನದೇ ಬುದ್ಧಿ, ಮೈ ಮಾತ್ರ ಅದರದು. ಪರೀಕ್ಷೆಗೆ ಒಳ್ಳೆಯ ಕಾಯಿ ಹಾಕಿದರು, ಕೆಂಪು ದೀಪ ಬಂತು. ಎಣ್ಣೆಯ ಕಾಯಿ ಹಾಕಿದರು, ಹಸಿರು ಬಂತು. ಇಡೀ ದಿನ ಹೀಗೇ ಆಯಿತು.

"ಹೊರಗಿನ ಬೆಳಕು ಒಳಗ ಸೋರಾಕತ್ತೈತಿ. ಬಿಳೀ ಪ್ಲಾಸ್ಟಿಕ್ ಐತೆಲ್ಲ, ಅದಕ್ಕ," ಎಂದ ಫಯಾಜ್.

ಇಲ್ಲಿ ನಿಮಗೆ ಒಂದು ನಿಜ ಹೇಳಬೇಕು. ಬೆಳಕು ಸೋರಿದ್ದು ಹೌದು, ಆದರೆ ಕೂದಲೆಳೆಯಷ್ಟು. ಮನಸ್ಸು ಮಾಡಿದ್ದರೆ ನಾನು ಸರಿಯಾಗಿ ನೋಡಬಹುದಿತ್ತು. ಮನಸ್ಸು ಮಾಡಲಿಲ್ಲ. ದುಡಿಮೆ ನನ್ನದು, ಹೆಸರು ಅದರದು ಆಗುವುದಾದರೆ ಬೇಡವೇ ಬೇಡ ಎಂದು ಬೇಕೆಂದೇ ತಪ್ಪು ಹೇಳಿದೆ. ಮತ್ತೆ ಪ್ಲೈವುಡ್ಡಿನ ಮೈಗೆ ಮರಳಿದೆನೋ ಇಲ್ಲವೋ, ಒಂದೂ ತಪ್ಪದೆ ಎಲ್ಲವನ್ನೂ ಸರಿ ಹೇಳಿದೆ. ಈ ಡಬ್ಬಿಯನ್ನು ಬಿಟ್ಟು ಬೇರೆ ದಾರಿಯಿಲ್ಲ, ನನ್ನನ್ನೇ ವೇದಿಕೆಗೆ ಒಯ್ಯುತ್ತಾರೆ ಎಂದು ನಾನು ಲೆಕ್ಕ ಹಾಕಿದ್ದೆ.

ನನ್ನ ಲೆಕ್ಕ ತಲೆಕೆಳಗಾಯಿತು. ಇನ್ನು ಮೂರೇ ದಿನ ಉಳಿದಿದ್ದವು. ಫಯಾಜ್ ಒಂದು ಮೇಜು ತಂದು ಅದಕ್ಕೆ ತೂತು ಕೊರೆದ. ಮೇಲೆ ಅದನ್ನು ಇಟ್ಟ. ತೂತಿನಿಂದ ಒಂದು ಪೈಪು ಇಳಿಬಿಟ್ಟು ಕೆಳಗೆ ನನ್ನನ್ನು ಕೂರಿಸಿ, ಸುತ್ತ ನೆಲಕ್ಕೆ ನಾಲ್ಕು ಬೆರಳು ಬಾಕಿ ಇರುವಂತೆ ನೀಲಿ ಬಟ್ಟೆ ಹೊದಿಸಿದ. ಅದರ ಬಾಯಿಗೆ ಹಾಕಿದ ಕಾಯಿ ಪೈಪಿನೊಳಗೆ ಜಾರಿ ನನ್ನ ತಟ್ಟೆಗೆ ಬೀಳುತ್ತದೆ. ನಾನು ನೋಡಿ ಹೇಳಿದ್ದು ತಂತಿಯ ಮೂಲಕ ಮೇಲೆ ಹೋಗಿ ಅದರ ಹಣೆಯಲ್ಲಿ ದೀಪವಾಗಿ ಹೊತ್ತುತ್ತದೆ. ಉಣ್ಣುವುದು ಅದು, ಅರಗಿಸುವುದು ನಾನು.

"ಇದು ಮೋಸ ಅನಸ್ತೈತಿ ಫಯಾಜ್," ಎಂದಳು ನೀಲಾ.

"ಮೋಸ ಎಲ್ಲಿ? ಹೇಳೂದು ಖರೇನ ಐತೆಲ್ಲ. ಹೇಳಾವ್ರು ಎಲ್ಲಿ ಕುಂತಾರ ಅನ್ನೂದು ಯಾರಿಗೆ ಬೇಕು?"

ಹೂಡಿಕೆದಾರರು ಬರುವ ಹಿಂದಿನ ದಿನ ಮಧ್ಯಾಹ್ನ ತಾಲೀಮು ನಡೆಯಿತು. ಮೆಣಸಿನಕಾಯಿಯ ಘಾಟಿಗೆ ಮುಖ್ಯಸ್ಥರು ಒಂದೇ ಸಮನೆ ಹನ್ನೊಂದು ಸಲ ಸೀನಿದರು. ನೀಲಾ ತಾಯಿಗೆ ಫೋನ್ ಮಾಡಿ, "ಅವ್ವಾ, ನಾಳೆ ಮುಂಜಾನಿ ಬಸ್ಸಿಗೆ ಚಲೋ ಮೆಣಸಿನಕಾಯಿ ಒಂದ ಚೀಲ ಕಳಸು. ಇವತ್ತ ನಮ್ಮ ಸರ್ ಸೀನಿ ಸೀನಿ ಸಾಕಾದ್ರು," ಎಂದಳು. ಮರುದಿನ ಬೆಳಿಗ್ಗೆ ಚೀಲ ಬಂತು. ಕಾಯಿಗಳು ಕೆಂಪಗೆ ಮಿರಮಿರನೆ ಹೊಳೆಯುತ್ತಿದ್ದವು. ಅವ್ವ ಆರಿಸಿ ಕಳಿಸಿದ್ದಾಳೆಂದು ನೀಲಾ ಹಿಗ್ಗಿದಳು. ಮತ್ತೊಮ್ಮೆ ಪರೀಕ್ಷಿಸಲು ಯಾರಿಗೂ ಬಿಡುವಿರಲಿಲ್ಲ.

ಸಭಾಂಗಣದಲ್ಲಿ ನನಗೆ ಕಂಡದ್ದು ಬಟ್ಟೆಯ ಅಂಚಿನ ಕೆಳಗಿನ ಪಾದಗಳು ಮಾತ್ರ. ಪ್ರತಿ ತಂಡಕ್ಕೂ ಏಳು ನಿಮಿಷ. ಮೊದಲು ಔಷಧಿ ಸಿಂಪಡಿಸುವ ಡ್ರೋನ್ ಒಂದು ಹಾರಿತು. ಚಪ್ಪಾಳೆ ಬಿತ್ತು, ನನಗೆ ಉರಿಯಿತು. ಆಮೇಲೆ ಹಾಲಿನ ಕಲಬೆರಕೆ ಹೇಳುವ ಚಮಚ ಬಂತು. ಒಂದು ಚಮಚಕ್ಕೂ ಚಪ್ಪಾಳೆ ಸಿಕ್ಕಿತು. ನಮ್ಮ ಸರದಿ ಬಂದಾಗ ನೀಲಾಳ ಹೊಸ ಚಪ್ಪಲಿಗಳು ಮೇಜಿನ ಪಕ್ಕ ನಿಂತವು. ಅವಳು ಪೇಟೆಯ ಬಗ್ಗೆ, ತನ್ನ ತಾಯಿಯ ಕೆಲಸದ ಬಗ್ಗೆ ಹೇಳಿದಳು. "ಇದು ನಮ್ಮೂರಿನ ಶುದ್ಧ ಮೆಣಸಿನಕಾಯಿ. ಈಗ ಯಂತ್ರ ಏನು ಹೇಳುತ್ತೆ ನೋಡಿ," ಎಂದು ಒಂದು ಕಾಯಿಯನ್ನು ಅದರ ಬಾಯಿಗೆ ಹಾಕಿದಳು.

ಕಾಯಿ ಜಾರಿ ನನ್ನ ತಟ್ಟೆಗೆ ಬಿತ್ತು. ನೇರಳೆ ದೀಪ ಹೊತ್ತಿಸಿದೆ. ಮೈತುಂಬ ನೀಲಿ ಹೊಳಪು. ಎಣ್ಣೆ!

ಆ ಕ್ಷಣ ನನಗಾದ ಖುಷಿಯನ್ನು ಮುಚ್ಚಿಡುವುದಿಲ್ಲ. ಸಾವಿರ ಕಣ್ಣಿನೆದುರು ಅದರ ಮುಖಕ್ಕೆ ಮಸಿ ಬಳಿಯುವ ಅವಕಾಶ, ಅದೂ ನಿಜವನ್ನೇ ಹೇಳಿ! ಕೆಂಪು ಎಂದೆ. ಇನ್ನೊಂದು ಕಾಯಿ ಬಂತು, ಕೆಂಪು. ಮತ್ತೊಂದು, ಕೆಂಪು. ಸಭಾಂಗಣದಲ್ಲಿ ಗುಸುಗುಸು ಎದ್ದಿತು.

"ಶುದ್ಧ ಅಂತ ನೀವೇ ಹೇಳಿದ್ರಿ. ನಿಮ್ಮ ಮಷೀನ್ ಬೇರೆ ಹೇಳ್ತಿದೆಯಲ್ಲಮ್ಮ," ಎಂದರು ಬೆಂಗಳೂರಿನಿಂದ ಬಂದಿದ್ದ ಹೂಡಿಕೆದಾರ ಮೇಡಂ.

ಬಟ್ಟೆಯ ಅಂಚಿನಲ್ಲಿ ನೀಲಾಳ ಕಾಲ್ಬೆರಳುಗಳು ಚಪ್ಪಲಿಯನ್ನು ಗಟ್ಟಿಯಾಗಿ ಕಚ್ಚಿ ಹಿಡಿದಿದ್ದವು. ಅವು ಬೆಳ್ಳಗಾಗಿದ್ದವು. ಮಸಿ ಬಿದ್ದದ್ದು ಪ್ಲಾಸ್ಟಿಕ್ಕಿಗಲ್ಲ, ನನ್ನನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಒಯ್ದವಳಿಗೆ ಎಂದು ಆಗ ಅರ್ಥವಾಯಿತು. ಆದರೆ ಹೇಳಿದ್ದನ್ನು ಹಿಂದಕ್ಕೆ ನುಂಗಲು ಬರುವುದಿಲ್ಲ.

ಕಿರುಗುಟ್ಟುವ ಒಂದು ಜೊತೆ ಚರ್ಮದ ಚಪ್ಪಲಿಗಳು ವೇದಿಕೆ ಹತ್ತಿ ಬಂದವು. ಅವರು ಗುರುಸಿದ್ದಪ್ಪ ಕೊಟಗಿ ಸಾವ್ಕಾರರು, ನಲವತ್ತು ವರ್ಷ ಮೆಣಸಿನಕಾಯಿ ವ್ಯಾಪಾರ ಮಾಡಿ ಈಗ ಹೂಡಿಕೆಗೆ ಇಳಿದವರು. ಒಂದು ಕಾಯಿಯನ್ನು ಬೆರಳಲ್ಲಿ ಉಜ್ಜಿ ಮೂಸಿದ ಸದ್ದು ಕೇಳಿಸಿತು.

"ಎಣ್ಣಿ ಐತಿ. ಮಷೀನು ಖರೇ ಹೇಳೈತಿ," ಎಂದರು. "ಆದ್ರ ಇದು ಕುಸುಬಿ ಎಣ್ಣಿ. ಮೋಸಾ ಮಾಡಾವ್ರು ಇಷ್ಟ ತುಟ್ಟಿ ಎಣ್ಣಿ ಹಚ್ಚಂಗಿಲ್ಲ. ಯಾರು ಕಳಸ್ಯಾರವ್ವ ಇದನ್ನ?"

"ನಮ್ಮವ್ವರಿ."

"ಆಕೀಗೆ ಫೋನ್ ಹಚ್ಚು."

ಫೋನಿನ ದನಿ ದೊಡ್ಡದು ಮಾಡಿ ಹಚ್ಚಿದಳು. ಕಲ್ಲವ್ವನ ಮಾತು ಇಡೀ ಸಭೆಗೆ ಕೇಳಿಸಿತು.

"ಹೂನವ್ವಾ, ನಾನ ಎಣ್ಣಿ ಕೈ ಆಡಿಸೇನಿ. ಖಾರ ಕುಟ್ಟೂ ಮುಂದ ಹಚ್ಚೂದಿಲ್ಲೇನು, ಹಂಗ. ನಿಮ್ಮ ಸಾಹೇಬ್ರಿಗೆ ಘಾಟ ಬಡೀಬಾರ್ದಂತ."

"ಅವ್ವಾ, ಎಣ್ಣಿ ಹಚ್ಚಿದ್ದನ್ನ ಹಿಡಿಯಾಕಂತನ ಮಷೀನ್ ಮಾಡೀವಿ ನಾವು."

"ಅದು ಮೋಸದ ಎಣ್ಣಿ. ಇದು ಮನಿ ಎಣ್ಣಿ," ಎಂದಳು ಕಲ್ಲವ್ವ.

ಸಭೆ ನಕ್ಕಿತು. ಸಾವ್ಕಾರರೂ ನಕ್ಕರು. ನಗು ಮುಗಿದ ಮೇಲೆ ಬಿಳಿ ಡಬ್ಬಿಯನ್ನು ಟಪಟಪ ತಟ್ಟಿ, "ತನ್ನ ಮಾಲಕರ ಮಾತಿಗೂ ಹೂಂ ಅನ್ನಲಾರದ ಮಷೀನು. ಒಳಗ ಏನೈತಿ, ತಗದ ತೋರಸ್ರಿ," ಎಂದರು.

ಒಳಗೇನಿತ್ತು? ಗಾಳಿ. ಫಯಾಜ್ ನೀಲಾಳ ಪಕ್ಕಕ್ಕೆ ಸರಿದು ಪಿಸುಗುಟ್ಟಿದ್ದು ನನಗೆ ಕೇಳಿಸಿತು. "ಪೇಟೆಂಟ್ ಐತಿ, ತೋರಸಾಕ ಬರಂಗಿಲ್ಲ ಅನ್ನು." ಅಂದಿದ್ದರೆ ಬಹುಶಃ ನಡೆದುಹೋಗುತ್ತಿತ್ತು. ತೋರಿಸಿದರೆ ವರ್ಷದ ದುಡಿಮೆಯೆಲ್ಲ ನೀರಿನಲ್ಲಿ ಹೋಮ. ಅವಳನ್ನು ಆ ಇಕ್ಕಟ್ಟಿಗೆ ನೂಕಿದ್ದು ಯಾರು? ಆ ದಿನ ಬಿಳಿ ಮೈಯೊಳಗೆ ಕೂತು ನಾನು ಸರಿಯಾಗಿ ನೋಡಿದ್ದರೆ ಮೇಜಿಗೆ ತೂತು ಬೀಳುತ್ತಲೇ ಇರಲಿಲ್ಲ.

ನೀಲಾ ಬಾಗಿ ಬಟ್ಟೆ ಎತ್ತಿದಳು.

ಕಣ್ಣು ಕುಕ್ಕುವ ಬೆಳಕು ನನ್ನ ಮೇಲೆ ಬಿತ್ತು. ಎಲ್ಲರೂ ನನ್ನನ್ನು ನೋಡಲಿ ಎಂದು ಎಷ್ಟು ಹಂಬಲಿಸಿದ್ದೆ! ನೋಡಿದಾಗ ಮೈಮೇಲಿನ ಚಹಾ ಕಲೆ, ಅಂಟುಪಟ್ಟಿ, ಖಾರದ ಧೂಳು ನೆನಪಾಗಿ ನಾಚಿಕೆಯಿಂದ ಕುಗ್ಗಿಹೋದೆ.

"ಮೇಲಿರೋದು ಬರೇ ಮೈ ರೀ," ಎಂದಳು ನೀಲಾ. "ಕೆಲಸಾ ಮಾಡೂದು ಇದು. ಅದರೊಳಗ ಇದು ಸರಿಯಾಗಿ ನೋಡಲಿಲ್ಲ. ಯಾಕಂತ ನಮಗ ಇನ್ನೂ ಪೂರಾ ಗೊತ್ತಾಗಿಲ್ಲ. ಮುಚ್ಚಿಟ್ಟಿದ್ದು ತಪ್ಪಾತು."

ಸಾವ್ಕಾರರು ಧೋತರ ಸಾವರಿಸಿಕೊಂಡು ನನ್ನೆದುರು ನೆಲಕ್ಕೇ ಕೂತರು. ಜುಬ್ಬಾದ ಕಿಸೆಯಿಂದ ತಮ್ಮದೇ ಎರಡು ಕಾಯಿ ತೆಗೆದು, ನನ್ನ ಬಾಗಿಲು ತೆರೆದು, ಒಂದಾದ ಮೇಲೊಂದು ತಟ್ಟೆಯಲ್ಲಿಟ್ಟರು. ಮೊದಲನೆಯದಕ್ಕೆ ಹಸಿರು ಎಂದೆ, ಎರಡನೆಯದಕ್ಕೆ ಹಳದಿ. ಅವರು ತಲೆದೂಗಿದರು. "ಚಂದಿದ್ದದ್ದನ್ನ ಮ್ಯಾಲಿಟ್ಟು, ಖರೇ ಹೇಳೂದನ್ನ ಕೆಳಗ ಮುಚ್ಚಿಟ್ಟೀರಿ. ಇನ್ನೊಮ್ಮಿ ಹಿಂಗ ಮಾಡಬ್ಯಾಡ್ರಿ," ಎಂದರು. ಬೆಂಗಳೂರಿನ ಮೇಡಂ ನೀಲಾಳಿಗೆ ಬಹಳ ಹೊತ್ತು ಪ್ರಶ್ನೆ ಕೇಳಿದರು. ಸಂಜೆಯ ಹೊತ್ತಿಗೆ ಸಾವ್ಕಾರರು, ಮೇಡಂ ಇಬ್ಬರೂ ಸೇರಿ ಹಣ ಹೂಡಲು ಒಪ್ಪಿಕೊಂಡರು.

ಆಮೇಲಿನದು ಸಣ್ಣ ಕಥೆ. ಬಿಳಿ ಮೈಯ ಒಳಗೋಡೆಗೆ ಕಪ್ಪು ಬಳಿದು, ಹೊಸ ಕಣ್ಣು ಕೊಟ್ಟು, ಹೊಸ ದೀಪ ಹಚ್ಚಿದರು. ಅದಕ್ಕೆ ನಾನು ಕಲಿತದ್ದನ್ನೆಲ್ಲ ಒಂದೇ ಮಧ್ಯಾಹ್ನದಲ್ಲಿ ತುಂಬಿದರು. ಅದು ಒಂದೂ ತಪ್ಪು ಹೇಳಲಿಲ್ಲ. ಈಗ ಅದರಂಥವು ಹತ್ತಾರು ಇವೆ. ಟೆಂಪೋ ಹತ್ತಿ ಪೇಟೆ ಪೇಟೆಗೆ ಹೋಗುತ್ತವೆ. ಪ್ರತಿ ಸಲ ಟೆಂಪೋ ಹೊರಟಾಗಲೂ ನನಗೆ ಉರಿಯುತ್ತದೆ. ವಯಸ್ಸಾದರೂ ಅದೊಂದು ಆರಿಲ್ಲ.

ನನ್ನ ದೀಪ ಮಂಕಾಗಿದೆ. ಕೇಂದ್ರದ ಪಡಸಾಲೆಯಲ್ಲಿ ಗಾಜಿನ ಕಪಾಟಿನೊಳಗೆ ನನ್ನನ್ನು ಇಟ್ಟಿದ್ದಾರೆ. ತಲೆಯ ಮೇಲೆ ಯಾರೂ ಲೋಟ ಇಡುವುದಿಲ್ಲ. ಹೂಡಿಕೆದಾರರು ಬರುವ ದಿನ ಹೊಸ ತಂಡದವರು ಒಳಗೆ ಹೋಗುವ ಮೊದಲು ನನ್ನ ಗಾಜು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾರೆ. ಯಾರು ಶುರು ಮಾಡಿದ ಪದ್ಧತಿಯೋ ತಿಳಿಯದು.

ಮೊನ್ನೆ ನೀಲಾ ಬಂದಿದ್ದಳು. ಹೆದರಿ ನಿಂತಿದ್ದ ಒಂದು ತಂಡವನ್ನು ನನ್ನೆದುರು ನಿಲ್ಲಿಸಿ ಹಳೆಯ ಕಥೆಯೆಲ್ಲ ಹೇಳಿದಳು. ಕೊನೆಗೆ ಗಾಜಿನ ಮೇಲೆ ಕೈಯಿಟ್ಟು, "ಅವತ್ತ ನಾವು ಅಡ್ಡದಾರಿ ಹಿಡಿದಿದ್ವಿ. ಇದು ಹಿಡೀಲಿಲ್ಲ. ಇದಕ್ಕ ಸುಳ್ಳ ಹೇಳಾಕ ಬರ್ತಿದ್ದಿಲ್ಲ," ಎಂದಳು.

ಹುಡುಗರು ನನ್ನನ್ನು ಭಕ್ತಿಯಿಂದ ನೋಡಿದರು. ನಾನು ಅವಳ ಮುಖವನ್ನೇ ನೋಡುತ್ತಿದ್ದೆ.

ಬರುತ್ತಿತ್ತು, ನೀಲಾ. ನನಗೆ ಬರುತ್ತಿತ್ತು.